ಅಮ್ಮ ಕೇಳಿದ ಪುಸ್ತಕ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಒಂದು ಸಲಕ್ಕೆ ಒಂದೇ ಪುಸ್ತಕ ಬರುತ್ತಿತ್ತು ಮಕ್ಕಳೇ. ಕುಶಾಲನಗರದ ಗ್ರಂಥಾಲಯದಲ್ಲಿ ಅಪ್ಪನ ಹೆಸರಿನ ಒಂದು ಕಾರ್ಡು ಇತ್ತು. ಸಂತೆಯ ದಿನ ಅಪ್ಪ ಸೈಕಲ್ಲಿನಲ್ಲಿ ಹೋಗಿ ಉಪ್ಪು, ಒಣಮೀನು, ಸೀಮೆಎಣ್ಣೆಯ ಜೊತೆ ಆ ಪುಸ್ತಕವನ್ನೂ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದ. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾವು ಮಾತ್ರ ಪುಸ್ತಕದ ವಾಸನೆ ಎಂದರೆ ಅದೇ ಎಂದುಕೊಂಡಿದ್ದೆವು.

ಹಾಸನದ ಕಡೆಯಿಂದ ಬಂದು ಹಾರಂಗಿಯ ಹತ್ತಿರ ನೆಲೆಸಿದವರು ನಾವು. ಇದ್ದದ್ದು ತುಂಡು ಹೊಲ. ಕಾಫಿ ಕುಯ್ಲು ಶುರುವಾದರೆ ಅಮ್ಮ ಬೆಳಗಿನ ಮಂಜಿನಲ್ಲೇ ಎಸ್ಟೇಟಿನ ಜೀಪು ಹತ್ತಿ ಹೋಗುತ್ತಿದ್ದಳು. ಬರುವುದು ದೀಪ ಹಚ್ಚುವ ಹೊತ್ತಿಗೆ. ಬಂದವಳೇ ಒಲೆಯ ಮುಂದೆ ಕೂರಬೇಕು.

ಪುಸ್ತಕಕ್ಕೆ ನಮ್ಮಲ್ಲಿ ಸರದಿ ಇತ್ತು. ಅಪ್ಪನಿಗೆ ಪತ್ತೇದಾರಿ ಕಥೆ ಬರೆಯುವವರೊಬ್ಬರೆಂದರೆ ಪ್ರಾಣ. ಕಳ್ಳ ಯಾರೆಂದು ಕಡೆಯ ಹಾಳೆಯವರೆಗೂ ಬಾಯಿ ಬಿಡುವುದಿಲ್ಲ, ಅದಕ್ಕೇ ಇಷ್ಟ ಎನ್ನುತ್ತಿದ್ದ. ಅಕ್ಕನ ಲೇಖಕಿಯ ಕಥೆಗಳಲ್ಲಿ ಹುಡುಗಿಯರು ಬಂಗಲೆಯ ಕಿಟಕಿಗೆ ಒರಗಿ ನಿಟ್ಟುಸಿರು ಬಿಡುತ್ತಿದ್ದರು. ಅಕ್ಕನೂ ನಮ್ಮ ಮನೆಯ ಒಂದೇ ಕಿಟಕಿಗೆ ಒರಗಿ ಅದನ್ನು ಅಭ್ಯಾಸ ಮಾಡುತ್ತಿದ್ದಳು. ನನಗೆ ಇಷ್ಟವಾದವರು ದೆವ್ವದ ಕಥೆ ಬರೆಯುತ್ತಿದ್ದರು. ಎಷ್ಟೇ ಹೆದರಿಸಲಿ, ಕೊನೆಯಲ್ಲಿ ತಪ್ಪದೆ ಬೆಳಗು ಮಾಡಿಬಿಡುತ್ತಿದ್ದರು.

ಅಮ್ಮನಿಗೆ ಸರದಿ ಇರಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಕ ಗಟ್ಟಿಯಾಗಿ ಓದತೊಡಗಿದರೆ ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದಳು. ಪುಸ್ತಕವೆಂದರೆ ಅವಳಿಗೆ ಅಷ್ಟಕ್ಕಷ್ಟೇ ಎಂದುಕೊಂಡಿದ್ದೆವು.

ಒಂದು ಸಂತೆಯ ದಿನ ಅಕ್ಕನ ಸರದಿ. ಅವಳ ಲೇಖಕಿಯ ಹೊಸ ಕಾದಂಬರಿ ಬಂದಿತ್ತು, ಗ್ರಂಥಾಲಯದವರು ಅದನ್ನು ಅವಳಿಗೆಂದೇ ಎತ್ತಿಟ್ಟಿದ್ದರು. ಅಕ್ಕನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಅಪ್ಪನಿಗೆ ಹೇಳಿದಳು.

"ಹೋದ್ ತಿಂಗ್ಳು ಅರ್ಧ ಓದಿ ವಾಪಸ್ ಕೊಟ್ರಲ್ಲ, ಗದ್ದೆ ಕೆಲ್ಸದ ಹೆಂಗ್ಸಿನ್ ಕತೆ, ಬೇರೆ ಯಾರೋ ಯಮ್ಮ ಬರ್ದಿದ್ದು, ಅದ್ನೇ ತಗಂಬನ್ನಿ."

ಅಪ್ಪನಿಗೆ ಆಶ್ಚರ್ಯ. "ತೂಕಡಿಸ್ಕಂಡೇ ನೀನು ಅದ್ನ ಕೇಳಿಸ್ಕಂತಾ ಇದ್ಯಾ?"

"ಅದ್ರಲ್ಲಿ ಏನೂ ಆಗೋದೇ ಇಲ್ಲ ಕಣಮ್ಮ! ಅಲ್ದೆ ಇವತ್ತು ನನ್ ಸರದಿ" ಎಂದು ಅಕ್ಕ ಕೂಗಾಡಿದಳು.

ಅಮ್ಮ ದನಿ ಏರಿಸಲಿಲ್ಲ. "ನಿಮ್ಮವ್ರು ಬರ್ದಿದ್ರಲ್ಲಿ ಯಾರ್ಗೂ ಸುಸ್ತೇ ಆಗಲ್ವಲ್ಲೇ. ಕಳ್ಳನ್ನ ಹಿಡಿಯೋನ್ಗೂ ಇಲ್ಲ, ಬಂಗ್ಲೆಯವ್ಳಿಗೂ ಇಲ್ಲ, ದೆವ್ವಕ್ಕಂತೂ ಇಲ್ವೇ ಇಲ್ಲ. ಆ ಯಮ್ಮಂಗೆ ಸುಸ್ತು ಅಂದ್ರೇನು ಅಂತ ಗೊತ್ತು" ಎಂದಳು. ಜೀಪಿನ ಹಾರನ್ ಕೇಳಿಸಿತು. ಬುತ್ತಿ ಎತ್ತಿಕೊಂಡು ಹೊರಟೇಬಿಟ್ಟಳು.

ಮಧ್ಯಾಹ್ನ ಅಪ್ಪ ತಂದದ್ದು ಅಮ್ಮ ಕೇಳಿದ ಪುಸ್ತಕವನ್ನೇ. ಅಕ್ಕ ಸಂಜೆಯವರೆಗೂ ಮುಖ ದಪ್ಪ ಮಾಡಿಕೊಂಡಿದ್ದಳು.

ಅಮ್ಮ ಬಂದಾಗ ಬೆರಳುಗಳಲ್ಲಿ ಕಾಫಿ ಹಣ್ಣಿನ ಅಂಟು, ಕುತ್ತಿಗೆಯ ಮೇಲೆ ಕೆಂಜಿಗ ಕಚ್ಚಿದ ದದ್ದು. ಕೈಕಾಲು ತೊಳೆದು ಬಂದವಳು ಪುಸ್ತಕವನ್ನು ನೋಡಿ, "ಒಂಚೂರು ಓದೇ, ಆಮೇಲೆ ಅನ್ನಕ್ಕಿಡ್ತೀನಿ" ಎಂದು ಗೋಡೆಗೆ ಒರಗಿದಳು.

ಅಕ್ಕ ಸಿಡುಕುತ್ತಲೇ ಓದಿದಳು. ಕಥೆಯ ಹೆಂಗಸು ಗದ್ದೆಯಿಂದ ಬಂದು ಹುಲ್ಲಿನ ಹೊರೆ ಇಳಿಸಿ ಜಗಲಿಯ ಮೇಲೆ ಕೂತಳು. ಒಳಗಿನಿಂದ ಕರೆದರೂ ಏಳಲಿಲ್ಲ. ಒಂದು ಪುಟ ಕಳೆದರೂ ಕೂತೇ ಇದ್ದಳು.

"ನೋಡು, ಸುಮ್ನೆ ಕೂತವ್ಳೆ" ಎಂದಳು ಅಕ್ಕ.

"ಕೂತ್ಕಳ್ಳಿ ಬಿಡು. ಅದ್ನೇ ಇನ್ನೊಂದ್ಸಲ ಓದು" ಎಂದಳು ಅಮ್ಮ. ಅಕ್ಕ ಮತ್ತೆ ಓದಿದಳು. ಅದು ಮುಗಿಯುವಷ್ಟರಲ್ಲಿ ಅಮ್ಮನ ಕುತ್ತಿಗೆ ವಾಲಿತ್ತು.

ಅಕ್ಕ ಪಟ್ಟನೆ ಪುಸ್ತಕ ಮುಚ್ಚಿದಳು. ದನಿ ನಿಂತದ್ದೇ ತಡ, ಅಮ್ಮ ಕಣ್ಣು ಬಿಡದೆಯೇ ನೆಲಕ್ಕೆ ಕೈಯೂರಿ, "ಅನ್ನಕ್ಕಿಡ್ಬೇಕು" ಎಂದು ಏಳಹೊರಟಳು. ಅಕ್ಕ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಪುಸ್ತಕ ಬಿಚ್ಚಿ, ಸಿಕ್ಕಿದ ಪುಟದಿಂದ ಮೆಲ್ಲಗೆ ಓದತೊಡಗಿದಳು. ಅಮ್ಮ ಮತ್ತೆ ಗೋಡೆಗೆ ಒರಗಿದಳು.

ಅಪ್ಪ ಸದ್ದಿಲ್ಲದೆ ಎದ್ದು ಒಲೆ ಹಚ್ಚಿದ. ನಾನು ಅಕ್ಕಿ ತೊಳೆದೆ. ಅಕ್ಕ ಓದುತ್ತಲೇ ಇದ್ದಳು. ಗಂಟಲು ಕಟ್ಟಿದರೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅಮ್ಮ ಎದ್ದುಬಿಡುತ್ತಾಳೆ ಎಂಬ ಭಯ ನಮಗೆಲ್ಲ. ಅಷ್ಟು ದಣಿವನ್ನು ಅಮ್ಮ ದಿನವೂ ಹೊತ್ತು ಬರುತ್ತಿದ್ದಳೆಂದು ನನಗೆ ತಿಳಿದದ್ದು ಆವತ್ತು. ಬಹಳ ಸಂಕಟವಾಯಿತು. ಅನ್ನ ಮುದ್ದೆಯಾಗಿತ್ತು, ಆದರೂ ಬಡಿಸಿದಷ್ಟನ್ನೂ ಉಂಡೆವು.

ಈಗ ನಿಮ್ಮ ಫೋನಿನೊಳಗೇ ಬೇಕಾದಷ್ಟು ಪುಸ್ತಕಗಳಿವೆ. ಓದಿ ಹೇಳಲು ಅದರಲ್ಲೇ ಒಂದು ದನಿ ಇದೆ, ಅದಕ್ಕೆ ಗಂಟಲು ಕಟ್ಟುವುದಿಲ್ಲ. ಯಾರ ಸರದಿಗಾಗಿ ಯಾರೂ ಕಾಯಬೇಕಿಲ್ಲ. ಒಳ್ಳೆಯದೇ ಆಯಿತು. ನನಗೂ ವಯಸ್ಸಾಯಿತು, ಜಗಳ ಬಿಡಿಸುವ ತ್ರಾಣವಿಲ್ಲ.

ಆದರೂ ನಿನ್ನೆ ಇವಳ ಲೇಖಕರು ದೊಡ್ಡವರೋ ಇವನ ಲೇಖಕರು ದೊಡ್ಡವರೋ ಎಂದು ಕಿತ್ತಾಡಿದಿರಿ. ಅಜ್ಜಿಗೆ ಯಾರು ಇಷ್ಟ ಎಂದು ನನ್ನನ್ನೂ ಕೇಳಿದಿರಿ. ನಮ್ಮ ಹೋಂಸ್ಟೇಗೆ ಬಂದವರ ಹೊದಿಕೆಗಳನ್ನೆಲ್ಲ ಒಗೆದು ಒಣಹಾಕಿ, ನಿಮ್ಮಮ್ಮ ನಿಮ್ಮ ನಡುವೆಯೇ ದಾಟಿಕೊಂಡು ಅಡುಗೆಮನೆಗೆ ಹೋದಳು. ಅವಳನ್ನು ಒಬ್ಬರೂ ಕೇಳಲಿಲ್ಲ.

ಇವತ್ತು ಕೇಳಿ. ಆದರೆ ಅವಳು ನಿಂತಿರುವಾಗ ಕೇಳಬೇಡಿ, ಮೊದಲು ಅವಳನ್ನು ಕೂರಿಸಿ.