ಬೆಟ್ಟದ ಮೇಲಿನ ಗುಂಡಿ

ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ. ಈ ಶ್ರಾವಣದಲ್ಲಿ ಒಂದು ದಿನ ತಿಪಟೂರಿನಿಂದ ಹುಳಿಯಾರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಕೆಂಕೆರೆಯಲ್ಲಿ ಗೆಳತಿಯೊಬ್ಬಳ ಮನೆಯ ಗೃಹಪ್ರವೇಶ. ಮಡಿಲಲ್ಲಿ ಸ್ಟೀಲಿನ ಡಬ್ಬಿಗಳ ಉಡುಗೊರೆ, ಮೈಮೇಲೆ ಗಂಜಿ ಹಾಕಿದ ಸೀರೆ. ದಾರಿಯಲ್ಲಿ ಹತ್ತಿದ ಮುದುಕರೊಬ್ಬರು ತೊಯ್ದ ಕಂಬಳಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತರು. ಸೀರೆ ಕೆಟ್ಟಿತಲ್ಲ ಎಂದು ಒಳಗೇ ಗೊಣಗಿಕೊಂಡೆ. ಅಷ್ಟರಲ್ಲಿ ಆ ವಾಸನೆ ಮೂಗಿಗೆ ಬಂತು. ಕುರಿ, ಒಲೆಯ ಹೊಗೆ, ಹಸಿಮಣ್ಣು ಎಲ್ಲ ಕಲೆಸಿದ ವಾಸನೆ. ಹಿಂದೆಯೇ ಸಿಟ್ಟೂ ಬಂತು. ಪಾಪ, ಆ ಮುದುಕರ ಮೇಲೆ ಏನೂ ಇರಲಿಲ್ಲ. ಆರು ವರ್ಷದಿಂದ ನಾನು ಎಲ್ಲೂ ಇಳಿಸಲಾರದೆ ಹೊತ್ತುಕೊಂಡು ತಿರುಗುತ್ತಿದ್ದ ಸಿಟ್ಟು ಅದು.

ಅದು ಒಂದು ಬೆಟ್ಟಕ್ಕೆ ಸೇರಿದ್ದು. ಯಾವ ಬೆಟ್ಟ ಎಂದು ಮಾತ್ರ ಕೇಳಬೇಡಿ. ಹೆಸರು ಬರೆದರೆ ಓದುವವರಲ್ಲಿ ಒಬ್ಬನಾದರೂ ನಾಳೆಯೇ ಹಾರೆ ಹಿಡಿದು ಹೊರಡುತ್ತಾನೆ. ನನಗೆ ಜನರ ಮೇಲೆ ಈಗ ಅಷ್ಟೇ ನಂಬಿಕೆ. ಚಿಕ್ಕನಾಯಕನಹಳ್ಳಿಯ ಕಡೆಯದು ಎಂದಿಟ್ಟುಕೊಳ್ಳಿ. ಕೆಳಗೆ ಕಣ್ಣು ಹಾಯುವವರೆಗೂ ತೆಂಗಿನ ತೋಟ. ಮೇಲೆ ಹತ್ತುತ್ತಾ ಹೋದರೆ ಬಿದ್ದ ಕೋಟೆಗೋಡೆ, ಬಂಡೆಯಲ್ಲಿ ನೀರು ನಿಲ್ಲುವ ಒಂದು ದೊಣೆ, ನೆತ್ತಿಯ ಮೇಲೆ ಸೂರಿಲ್ಲದ ಸಣ್ಣ ಶಿವನ ಗುಡಿ. ಗುಡಿಯ ಮುಂದೆ ಒಂದು ದೀಪದ ಕಂಬ, ಬಾಗಿಲ ಪಕ್ಕ ಒಂದು ಬರಹದ ಕಲ್ಲು. ಮಳೆಗಾಲದಲ್ಲಿ ಮೋಡ ಇಳಿದು ಅಲ್ಲೇ ಕೂತುಬಿಡುತ್ತದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಎಂ.ಎ. ಓದುವಾಗ ಶಾಸನಗಳ ಮೇಲೆ ಒಂದು ಪೇಪರಿತ್ತು. ಅದರಲ್ಲಿ ನಾನು ಪಾಸಾದದ್ದೇ ಮೇಷ್ಟರ ಕರುಣೆಯಿಂದ. ಆದರೂ ಹಳಗನ್ನಡ ಬರುತ್ತದೆಂಬ ಜಂಬ ಮಾತ್ರ ಫಸ್ಟ್ ಕ್ಲಾಸಿನದು. ಒಂದು ಬೇಸಿಗೆಯಲ್ಲಿ ಸಹೋದ್ಯೋಗಿಗಳ ಜೊತೆ ಆ ಬೆಟ್ಟ ಹತ್ತಿದ್ದೆ. ಎಲ್ಲರೂ ಪುಳಿಯೋಗರೆ ತಿನ್ನುತ್ತಿದ್ದಾಗ ನಾನು ಕಲ್ಲಿಗೆ ಸೀಮೆಸುಣ್ಣ ಸವರಿ, ಅಕ್ಷರ ಅಕ್ಷರ ಕೂಡಿಸಿ, ನಾಲ್ಕು ಸಾಲು ಓದಿದೆ. ಮಾಚಿಯಕ್ಕ ಎಂಬ ಹೆಂಗಸೊಬ್ಬಳು ಗುಡಿಯ ನಂದಾದೀಪ ಆರದಿರಲಿ ಎಂದು ಎಣ್ಣೆಗಾಗಿ ಹೊನ್ನು ಬಿಟ್ಟಿದ್ದಳು. ರಾಣಿಯೂ ಅಲ್ಲ, ಮಂತ್ರಿಯ ಹೆಂಡತಿಯೂ ಅಲ್ಲ, ಬರೀ ಮಾಚಿಯಕ್ಕ. ಅವಳ ಹೆಸರನ್ನು ನಾನು ಬಾಯಿಬಿಟ್ಟು ಓದಿದಾಗ ಮೈ ಜುಮ್ಮೆಂದಿತು. ಅದೆಷ್ಟು ಕಾಲದ ಮೇಲೆ ಯಾರೋ ಅವಳನ್ನು ಹೆಸರು ಹಿಡಿದು ಕರೆದಂತಾಯಿತಲ್ಲ!

ಆ ಖುಷಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಬೇಕಲ್ಲ. ಅಣ್ಣನ ಮನೆಯಲ್ಲಿ ಹಬ್ಬದ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ಅಣ್ಣ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡವನು, ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ನನ್ನ ಓದಿಗೆ ಫೀಸು ಕಟ್ಟಿದವನೂ ಅವನೇ. ನಾನು ಹೇಳಿದ್ದಕ್ಕೆಲ್ಲ ಆಕಳಿಸುತ್ತಿದ್ದವನು ಆ ದಿನ ಮಾತ್ರ ಒಬ್ಬಟ್ಟು ಮುರಿಯುವುದನ್ನು ನಿಲ್ಲಿಸಿ, ಆ ಹೊನ್ನು ಎಲ್ಲಿಟ್ಟರು ಅಂತ ಬರೆದಿದೆಯಾ ಎಂದು ಕೇಳಿದ. ನನ್ನ ವಿದ್ವತ್ತಿಗೆ ಕೊನೆಗೂ ಮನೆಯಲ್ಲೊಬ್ಬ ಕೇಳುಗ ಸಿಕ್ಕಿದನೆಂದು ಹಿಗ್ಗಿ, ಗುಡಿಗೇ ಒಪ್ಪಿಸಿದರು ಅಣ್ಣಾ ಎಂದೆ. ಎಂಥ ಮೂರ್ಖಳು ನಾನು, ನೋಡಿ. ಆ ಹೊನ್ನು ಎಣ್ಣೆಯಾಗಿ ಉರಿದು ಎಷ್ಟೋ ನೂರು ವರ್ಷವಾಗಿದೆ ಎಂಬ ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

ಎರಡು ವರ್ಷ ಕಳೆದ ಮೇಲೆ ಮತ್ತೆ ಹೋದೆ, ಈ ಸಲ ಮಳೆಗಾಲದಲ್ಲಿ. ಕಲ್ಲು ನೆನೆದಾಗ ಅಕ್ಷರ ಇನ್ನಷ್ಟು ಸ್ಪಷ್ಟವಾಗುತ್ತದೆಂದು ಯಾರೋ ಹೇಳಿದ್ದರು. ಓದದೆ ಉಳಿದ ಕೆಳಗಿನ ಸಾಲುಗಳ ಆಸೆ. ಬೆಟ್ಟದ ಬುಡದ ಊರಿನಲ್ಲಿ ದಾರಿ ತೋರಿಸುವವರು ಬೇಕೆಂದಾಗ ಮೇಕೆ ಮೇಯಿಸುವ ಹೊನ್ನಕ್ಕ ಬಂದಳು. ಅರವತ್ತರ ಹತ್ತಿರದ ಹೆಂಗಸು. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಕೈಯಲ್ಲಿ ಕೋಲು. ಎಡಗಾಲು ಎಳೆಯುತ್ತಿದ್ದಳು. ಆದರೂ ನನಗಿಂತ ಮುಂದೆ. ನಾನೋ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು, ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಎರಡು ಸಲ ಕುಕ್ಕರಿಸಿದೆ. ಕೋಟೆಬಾಗಿಲು ದಾಟುವ ಹೊತ್ತಿಗೆ ಮೋಡ ನಮ್ಮನ್ನು ಸುತ್ತಿಕೊಂಡು ಹತ್ತು ಮಾರಿನಾಚೆ ಏನೂ ಕಾಣದಾಯಿತು. ಹೊನ್ನಕ್ಕ ನನ್ನ ಕೈ ಹಿಡಿದಳು, ಅವಳ ತೊಯ್ದ ಕಂಬಳಿಯ ವಾಸನೆ ಮೂಗಿಗೆ ತಾಗುವಷ್ಟು ಹತ್ತಿರ. ಗುಡಿ ಬಂದರೂ ಬಿಡಲಿಲ್ಲ.

ಬಾಗಿಲ ಮುಂದೆ ಅವಳು ಕೋಲನ್ನು ಅಡ್ಡ ಹಿಡಿದಳು. “ಇಲ್ಲೇ ನಿಂತ್ಕಳಿ ಟೀಚರಮ್ಮ. ಮುಂದೆ ನೆಲ ಇಲ್ಲ.”

ನಿಜವಾಗಿಯೂ ನೆಲವಿರಲಿಲ್ಲ. ಲಿಂಗವಿದ್ದ ಜಾಗದಲ್ಲಿ ಕೆಂಪು ನೀರು ತುಂಬಿದ ಗುಂಡಿ. ಲಿಂಗ ಗೋಡೆಯ ಮೂಲೆಯಲ್ಲಿ ಬಿದ್ದಿತ್ತು. ಪೀಠ ಎರಡು ಹೋಳು. ಮಾಚಿಯಕ್ಕನ ಕಲ್ಲನ್ನು ಬುಡಸಮೇತ ಎಬ್ಬಿಸಿ ಕೆಡವಿದ್ದರು. ಸುತ್ತಿಗೆಯ ಪೆಟ್ಟಿಗೆ ಅದು ಮೂರು ತುಂಡಾಗಿತ್ತು. ನಾನು ಓದಿದ ಸಾಲೂ ಇಲ್ಲ, ಓದದ ಸಾಲೂ ಇಲ್ಲ. ಒಂದು ತುಂಡಿನ ಮೇಲೆ ‘ಯಕ್ಕ’ ಎಂಬಷ್ಟು ಮಾತ್ರ ಉಳಿದಿತ್ತು.

ಕೇಳದಿದ್ದರೂ ಹೊನ್ನಕ್ಕ ಹೇಳಿದಳು. ಹಿಂದಿನ ಮಳೆಗಾಲದಲ್ಲಿ ಇಂಥದೇ ಮೋಡದ ದಿನ ತಪ್ಪಿಸಿಕೊಂಡ ಮೇಕೆಯನ್ನು ಹುಡುಕುತ್ತಾ, ದಿನಾ ನಿಲ್ಲುವ ಗುಡಿಯೆಂದು ಗಾಳಿಮಳೆಗೆ ಗೋಡೆಯ ಮರೆ ಹುಡುಕಿ ಒಳಗೆ ಕಾಲಿಟ್ಟಿದ್ದಾಳೆ. ಸೊಂಟದವರೆಗಿನ ನೀರಿಗೆ ಬಿದ್ದು ತೊಡೆಯ ಮೂಳೆ ಮುರಿದಿದೆ. ಮಧ್ಯಾಹ್ನದಿಂದ ಸಂಜೆಯವರೆಗೂ ಒಡೆದ ಪೀಠವನ್ನು ತಬ್ಬಿಕೊಂಡು ಕೂಗಿದ್ದಾಳೆ. ಮೇಕೆಗಳಷ್ಟೇ ಮನೆಗೆ ಬಂದದ್ದನ್ನು ಕಂಡು ಗಂಡ ಹುಡುಕಿಕೊಂಡು ಹತ್ತಿದನಂತೆ.

“ಸಿವ ಇದ್ದ ಜಾಗ್ದಾಗೆ ಸಾಯ್ತೀನಲ್ಲ, ಬುಡು ಅತ್ಲಾಗೆ ಅನ್ಕಂಡೆ ಕಣವ್ವ,” ಎಂದಳು. “ಆಮ್ಯಾಕೆ ಸಿಟ್ಟು ಬಂತು. ಇದು ಸಿವ ತೋಡಿದ ಗುಂಡಿ ಅಲ್ವಲ್ಲ.”

ನಾನು ಗುಂಡಿಯ ಸುತ್ತ ನೋಡಿದೆ. ಮಣ್ಣು ಜಾರದಿರಲೆಂದು ಗೋಣಿಚೀಲಗಳಲ್ಲಿ ಮಣ್ಣು ತುಂಬಿ ಅಂಚಿಗೆ ಒಟ್ಟಿದ್ದರು. ಕೊಬ್ಬರಿ ಚೀಲಗಳು. ಮಳೆಗೆ ಮಾಸಿದರೂ ಮೇಲಿನ ನೀಲಿ ಶಂಖದ ಗುರುತು ತಿಳಿಯುತ್ತಿತ್ತು. ಅದು ನಮ್ಮ ಮಂಡಿಯ ಗುರುತು. ಅಪ್ಪನ ಕಾಲದಲ್ಲಿ ತಗಡಿನ ಅಚ್ಚಿಟ್ಟು ಆ ಶಂಖಕ್ಕೆ ಬಣ್ಣ ಬಳಿಯುವ ಕೆಲಸ ನನ್ನದಾಗಿತ್ತು. ಇನ್ನೊಂದು ಸಲ ನೋಡಿದೆ. ಬೇರೆಯದಾಗಲಿ ದೇವರೇ ಎಂದುಕೊಂಡು ಮತ್ತೂ ಒಂದು ಸಲ ನೋಡಿದೆ.

ಇಳಿಯುವಾಗ ಹೊನ್ನಕ್ಕನಿಗೆ ಏನೂ ಹೇಳಲಿಲ್ಲ. ಒದ್ದೆ ಬಟ್ಟೆಯಲ್ಲೇ ಬಸ್ಸು ಹಿಡಿದು ಅಣ್ಣನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಗುಡಿ, ಕಲ್ಲು, ಹೊನ್ನಕ್ಕನ ಕಾಲು, ಶಂಖದ ಚೀಲ ಎಲ್ಲವನ್ನೂ ಉಸಿರು ಬಿಡದೆ ಹೇಳಿದೆ. ಅವನು ಇಲ್ಲವೆನ್ನಲಿಲ್ಲ. ಲೋಟ ಕೆಳಗಿಟ್ಟು, ಬೇಸರವಾದವನ ಹಾಗೆ ಹೇಳಿದ:

“ಅಲ್ಲಿ ಚಿನ್ನ ಐತೆ ಅಂತ ಓದಿ ಹೇಳಿದ್ದು ನೀನೇ ಅಲ್ವೇನಮ್ಮ? ಏನೂ ಸಿಗ್ಲಿಲ್ಲ, ಬುಡು. ಖರ್ಚು ಬೇರೆ.”

ಖರ್ಚು ಬೇರೆಯಂತೆ! ಒದ್ದೆ ಶೂಗಳನ್ನು ಮತ್ತೆ ಮೆಟ್ಟಿಕೊಂಡು ಎದ್ದು ಬಂದೆ. ಮಾರನೆಯ ದಿನ ಪೊಲೀಸ್ ಠಾಣೆಗೆ ಹೋದೆ, ಹೋಗಲಿಲ್ಲವೆಂದಲ್ಲ. ಅರ್ಜಿಯನ್ನೂ ಚೆಂದದ ಅಕ್ಷರದಲ್ಲಿ ಬರೆದೆ. ಯಾರ ಮೇಲೆ ಅನುಮಾನ ಎಂಬಲ್ಲಿ ಮಾತ್ರ ‘ಯಾರೋ ಅಪರಿಚಿತರು’ ಎಂದು ಬರೆದೆ. ಅಪರಿಚಿತರಂತೆ, ನನ್ನ ಓದಿಗೆ ಫೀಸು ಕಟ್ಟಿದವರು! ಅಷ್ಟರ ಮೇಲೆ ಪೊಲೀಸರಾದರೂ ಯಾರನ್ನು ಹುಡುಕಿಯಾರು? ಆಮೇಲೆ ಒಂದು ಭಾನುವಾರ ಹೊನ್ನಕ್ಕ ಮತ್ತು ಅವಳ ಗಂಡನ ಜೊತೆ ಗುಂಡಿಗೆ ಕಲ್ಲು ತುಂಬಿ ಬಂದೆ. ತಪ್ಪು ತೊಳೆದುಕೊಂಡೆ ಎಂದು ನನಗೆ ನಾನೇ ಹೇಳಿಕೊಂಡೆ. ಅಣ್ಣನ ಮನೆಯ ಹಬ್ಬದೂಟಕ್ಕೂ ಎಂದಿನಂತೆ ಹೋದೆ, ತಲೆ ತಗ್ಗಿಸಿ ಉಂಡೆ.

ಬಸ್ಸಿಗೆ ವಾಪಸು ಬರುತ್ತೇನೆ. ವಾಸನೆ ಹಿಡಿದು ಮಾತಿಗೆಳೆದರೆ ಆ ಮುದುಕರು ಅದೇ ಬೆಟ್ಟದ ಬುಡದ ಊರಿನವರು. ಹೊನ್ನಕ್ಕ ಹೇಗಿದ್ದಾಳೆ ಎಂದೆ. ಕುಂಟುತ್ತಾ ಈಗಲೂ ಮೇಕೆ ಹೊಡೆಯುತ್ತಾಳೆ ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, “ಅದ್ಯಾರೋ ತಿಪಟೂರ್ನೋರು ತಿರ್ಗಾ ಬಂದವ್ರೆ ಕಣಮ್ಮ. ಈ ಸಲ ದೀಪದ ಕಂಬದ ಬುಡಕ್ಕೆ ಕೈ ಹಾಕವ್ರೆ,” ಎಂದರು.

ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ನಿಂತಾಗ ನಾನು ಡಬ್ಬಿಗಳ ಸಮೇತ ಇಳಿದುಬಿಟ್ಟೆ. ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ; ಈ ಸಲ ಅಕ್ಷರ ಚೆಂದವಿರಲಿಲ್ಲ. ಅಣ್ಣನ ಹೆಸರು, ಅಪ್ಪನ ಹೆಸರು, ಮಂಡಿಯ ಬೀದಿ. ಓದಿದ ಪೊಲೀಸಿನವರು ತಲೆಯೆತ್ತಿ, ಇವರು ನಿಮಗೆ ಏನಾಗಬೇಕು ಮೇಡಂ ಎಂದು ಕೇಳಿದರು.

“ಒಡಹುಟ್ಟಿದ ಅಣ್ಣ,” ಎಂದೆ. “ಅಲ್ಲಿ ಚಿನ್ನ ಇದೆ ಅನ್ನೋ ಹಾಗೆ ಅವನಿಗೆ ಹೇಳಿದವಳು ನಾನು. ಅದನ್ನೂ ಸೇರಿಸಿದೀನಿ, ನೋಡಿ.”

ಮಾರನೆಯ ಬೆಳಿಗ್ಗೆ ಮಳೆಯಲ್ಲೇ ಇಬ್ಬರು ಪೊಲೀಸರು ಬೆಟ್ಟ ಹತ್ತಿದರು. ದಾರಿ ತೋರಿಸಿದವಳು ಹೊನ್ನಕ್ಕ. ಹಾರೆ, ಗುದ್ದಲಿ, ಶಂಖದ ಗುರುತಿನ ಹೊಸ ಚೀಲಗಳು ಸಿಕ್ಕವು. ದೀಪದ ಕಂಬ ಒಂದು ಕಡೆಗೆ ವಾಲಿದೆ, ಬಿದ್ದಿಲ್ಲ. ಕೇಸು ನಡೆಯುತ್ತಿದೆ. ಅತ್ತಿಗೆ ಫೋನು ಮಾಡಿ, ಮನೆತನದ ಮರ್ಯಾದೆ ಬೀದಿಗೆಳೆದೆ, ಇನ್ನು ನಮಗೂ ನಿನಗೂ ಮುಗೀತು ಎಂದರು. ನಾನು ಹೂಂ ಎಂದೆ.

ಗೌರಿ ಹಬ್ಬಕ್ಕೆ ಅಣ್ಣನ ಮನೆಯಿಂದ ಬಾಗಿನ ಬರುವುದು ನನ್ನ ಮದುವೆಯಾದ ವರ್ಷದಿಂದಲೂ ತಪ್ಪಿದ್ದಿಲ್ಲ. ಈ ವರ್ಷ ಬರಲಿಲ್ಲ. ಬಾಗಿಲ ಕಡೆ ನೋಡಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಸಂಜೆಯವರೆಗೂ ನೋಡಿದೆ, ಆಮೇಲೆ ಎದ್ದು ಚಿಲಕ ಹಾಕಿಕೊಂಡು ಬಂದು, ಒಬ್ಬಟ್ಟು ಬಡಿಸಿಕೊಂಡು, ಆರು ವರ್ಷಗಳಲ್ಲಿ ಮೊದಲ ಸಲ ತಲೆಯೆತ್ತಿ ಉಂಡೆ.