ಡೋಣಿಯ ಬಳಿ ನಿಂತ ಗಾಡಿ

ಪಂಚಮಿ ಮುಗಿಸಿ ಮುಂಡರಗಿಯ ತವರಿನಿಂದ ಲಕ್ಷ್ಮೇಶ್ವರಕ್ಕೆ ಹೊರಟ ಮುಂಜಾನೆ ನನ್ನ ತಮ್ಮನೇ ತನ್ನ ಕಾರಿನ ಚಾವಿಯನ್ನು ನಮ್ಮವರ ಕೈಗೆ ಕೊಟ್ಟ. "ಬಸ್ಸಿನ್ಯಾಗ ಯಾಕ ಒದ್ದಾಡ್ತೀರಿ ಮಾಮಾ, ಗಾಡಿ ತಗೊಂಡು ಹೋಗ್ರಿ. ಮುಂದಿನ ವಾರ ನಾನ ಬಂದು ಒಯ್ತೀನಿ" ಅಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೀಗರು ನೆಂಟರೆಲ್ಲ ನಾವೇ ಕೈಯೊಡ್ಡಿ ಕೇಳಿದೆವು ಎನ್ನುವಂತೆ ಮಾತಾಡಿದರು.

ಗದಗಿನಲ್ಲಿರುವ ನಾದಿನಿಗೆ ಪಂಚಮಿ ಉಂಡಿಯ ಡಬ್ಬಿ ಮುಟ್ಟಿಸುವುದಿತ್ತು. ಹಾಗಾಗಿ ಶಿರಹಟ್ಟಿಯ ದಾರಿ ಬಿಟ್ಟು ಡೋಣಿ ಊರಿನ ಮೇಲೆ ಹಾಯುವ ದಾರಿ ಹಿಡಿದೆವು. ಡೋಣಿಯ ಹತ್ತಿರ ಸುಟ್ಟ ವಾಸನೆ ಬಂತು. ಬಿಸಿ ತೋರಿಸುವ ಮುಳ್ಳು ಒಮ್ಮೆಲೇ ಕೆಂಪಿಗೆ ಜಿಗಿಯಿತು, ಹಿಂದೆ ತಿರುಗಿ ನೋಡಿದರೆ ಬೆಳ್ಳನೆಯ ಹೊಗೆ. ನಮ್ಮವರು ಒಂದು ಮಾರೂ ಮುಂದೆ ಓಡಿಸಲಿಲ್ಲ. ಬೇವಿನ ಗಿಡದ ಬುಡಕ್ಕೆ ನಿಲ್ಲಿಸಿ, "ಇಂಜಿನ್ ಕಾದೈತಿ, ಮುಟ್ಟಬ್ಯಾಡ" ಎಂದು ಇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಯಾವ ದೇವರ ಗುಡಿಯಲ್ಲಿ ನಿಲ್ಲಿಸಿ ಕೇಳಿದರೂ ಇದನ್ನೇ ಹೇಳುತ್ತೇನೆ.

ಗೂಡ್ಸ್ ಟೆಂಪೋ ಒಂದಕ್ಕೆ ಹಗ್ಗ ಕಟ್ಟಿಸಿ ಕಾರನ್ನು ಗದಗ-ಬೆಟಗೇರಿಯ ಗ್ಯಾರೇಜಿಗೆ ಎಳೆಸಿದೆವು. ಫೋನು ಮಾಡಿದ್ದಕ್ಕೆ ತಮ್ಮನೂ ಬಸ್ಸು ಹತ್ತಿ ಬಂದ. ಇಂಜಿನ್ ಆರಿದ ಮೇಲೆ ಮಿಸ್ತ್ರಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಮೈ ತೋರಿಸಿದ. ಹಾಲು ಹೆಚ್ಚಾದ ಚಹಾದ ಬಣ್ಣದ ಲೋಳೆ ಮೆತ್ತಿಕೊಂಡಿತ್ತು. ರೇಡಿಯೇಟರಿಗೆ ನೀರು ತುಂಬಿಸಿ, ಮುಚ್ಚಳ ತೆರೆದಿಟ್ಟೇ ಗಾಡಿ ಚಾಲು ಮಾಡಿಸಿದ. ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದವು.

"ಹೆಡ್ ಗ್ಯಾಸ್ಕೆಟ್ ಹೋಗೈತ್ರಿ. ಇಂಜಿನ್ನಿನ ತಲಿಗೂ ಬುಡಕ್ಕೂ ನಡುವ ಒಂದು ತೆಳ್ಳನ್ನ ಹಾಳಿ ಇರ್ತೈತಿ. ಅದು ಸುಟ್ಟು ನೀರು ಆಯಿಲ್‌ನ್ಯಾಗ ಬೆರತೈತಿ. ಗಾಡಿ ಸಿಕ್ಕಾಪಟ್ಟಿ ಕಾದ್ರ ಹಿಂಗಾಗ್ತೈತಿ."

ಕಾದರೆ ಎಂದದ್ದೇ ತಡ, ತಮ್ಮ ನಮ್ಮವರ ಕಡೆ ತಿರುಗಿದ. "ಅಲ್ಲಿತನಾ ಏನ್ ಕಣ್ಣು ಮುಚ್ಚಿಕೊಂಡು ಹೊಡದ್ರೇನ್ರಿ ಮಾಮಾ? ನಡಸಾಕ ಬರಂಗಿಲ್ಲಂದ್ರ ಬರಂಗಿಲ್ಲ ಅನ್ನಬೇಕಿತ್ತು!"

ಗ್ಯಾರೇಜಿನ ಮಂದಿಯೆಲ್ಲ ಕೆಲಸ ಬಿಟ್ಟು ನೋಡಿದರು. ಅಳಿಯ ಬಂದರೆ ಕಾಲಿಗೆ ನೀರು ಕೊಟ್ಟೇ ಮಾತಾಡಿಸುವ ಮನೆ ನಮ್ಮದು! "ನಾಲಗಿ ಬಿಗಿ ಹಿಡಿಯಲೇ" ಎಂದು ನಾನು ಚೀರಿದೆ. ನಮ್ಮವರು ನನ್ನ ತೋಳು ಒತ್ತಿ ಸುಮ್ಮನಾಗಿಸಿದರು. ತಮ್ಮ ಸಿಟ್ಟಿನಲ್ಲೇ ಊರಿನ ಬಸ್ಸು ಹತ್ತಿದ.

ಇಂಜಿನ್ ಬಿಚ್ಚುವ ದಿನ ನಾವಿಬ್ಬರೇ ಇದ್ದೆವು. ಮಿಸ್ತ್ರಿ ರೇಡಿಯೇಟರ್ ಕಳಚಿ ಬೋರಲು ಹಾಕಿದರೆ ಹಳದಿ ರಾಡಿ ಸುರಿಯಿತು.

"ಯಾರ್ರಿ ಇದರಾಗ ಅರಿಷಿಣ ಹಾಕಿದವ್ರು? ಸೋರೂದು ನಿಲ್ಲಲಿ ಅಂತ ಚಿಟಿಕಿ ಹಾಕ್ತಾರ, ಖರೆ. ಇಲ್ಲಿ ನೀರು ಹಾಯೂ ದಾರಿನ ಕಟ್ಟಿಬಿಟ್ಟೈತಿ. ಕಾಯದ ಏನ್ ಮಾಡೀತು? ನಡಸಿದವ್ರದೇನೂ ತಪ್ಪಿಲ್ಲ ಬಿಡ್ರಿ."

ನನಗೆ ರೆಕ್ಕೆ ಬಂದಂತಾಯಿತು. ಇದು ತಮ್ಮನದೇ ಕೆಲಸ ಎಂದುಕೊಂಡೆ. "ಹೋಗ್ಲಿ ಬಿಡು, ನಿನ್ನ ತವರು" ಎಂದು ನಮ್ಮವರು ಎಷ್ಟು ಹೇಳಿದರೂ ಕೇಳದೆ ಮರುದಿನವೇ ಮುಂಡರಗಿಗೆ ಹೋದೆ. ತಮ್ಮ ಪೇಟೆಗೆ ಹೋಗಿದ್ದ, ಅವನ ಹೆಂಡತಿ ಹಿತ್ತಲಲ್ಲಿದ್ದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆಯೇ ಎಲ್ಲ ಒದರಿಬಿಟ್ಟೆ. ಅವನು ಬರಲಿ, ನಾಲ್ಕು ಮಂದಿಯ ಮುಂದೆಯೇ ಅವನ ಕೈಲಿ ತಪ್ಪಾಯಿತು ಅನ್ನಿಸುತ್ತೇನೆ ಎಂದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಂವಲ್ಲವಾ, ನಾನ ಹಾಕಿದಾಕಿ" ಅಂದಳು. "ನೀವು ಹೊರಡೂ ಮುಂಜಾನಿ ಅಂವ ಗಾಡಿಗೆ ನೀರು ಹಾಕಿ, ಮುಚ್ಚಳ ತಗದಿಟ್ಟು ಜಳಕಕ್ಕ ಹೋಗಿದ್ದ. ಕೆಳಗ ತಟತಟ ಸೋರತಿತ್ತು. ಟ್ರ್ಯಾಕ್ಟರಿಗೆ ಚಿಟಿಕಿ ಅರಿಷಿಣ ಹಾಕಿ ನಿಲ್ಲಿಸಿದ್ದು ನೋಡಿದ್ನಿ. ಮಗಳು ಅಳಿಯಾ ಕುಂತು ಹೋಗೂ ಗಾಡಿ, ಚಿಟಿಕಿ ಎಲ್ಲಿ ಸಾಲತೈತಿ ಅಂತ ಬೊಗಸಿಲೆ ಹಾಕಿದ್ನಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಅಂದಳು: "ಅಂವಗ ಹೇಳಬ್ಯಾಡವಾ. ಮೊದಲ ಮಾತಿಗೊಮ್ಮೆ ನಿನಗೇನ್ ತಿಳಿತೈತಿ, ಸುಮ್ಮ ಕುಂಡ್ರು ಅಂತಾನ. ಸೊಸಿ ಮುಂದ ಇದನ್ನೂ ಅನ್ನಸ್ಕೊಳ್ಳಾಕ ನನ್ನ ಕೈಲೆ ಆಗಂಗಿಲ್ಲ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಸೋರುವುದು ಗೊತ್ತಿದ್ದೂ ಗಾಡಿ ಕೊಟ್ಟವನು ತಮ್ಮ. ಆದರೆ ಅಷ್ಟು ಕೆದಕಿದರೂ ಅರಿಶಿನದ ಮಾತು ಬಂದೇ ಬರುತ್ತದೆ. ತಮ್ಮ ಬರುವ ಮೊದಲೇ ಬಸ್ಸು ಹತ್ತಿದೆ.

ಮನೆಗೆ ಬಂದು ಹೇಳಿದರೆ ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮವ್ವನ ಪ್ರೀತಿ ಇಂಜಿನ್ನಿಗೆ ತಡಕೊಳ್ಳಾಕ ಆಗಲಿಲ್ಲ ನೋಡು" ಅಂದರು. ಆಮೇಲೆ ಮೆಲ್ಲಗೆ, "ಇರಲಿ, ನನ್ನ ಮ್ಯಾಲ ಇರಲಿ ಬಿಡು" ಅಂದರು. ತಮ್ಮನ ಮುಂದೆ ಅರಿಶಿನದ ಮಾತು ಎತ್ತಬೇಡ ಎಂದು ಮಿಸ್ತ್ರಿಗೂ ಫೋನು ಮಾಡಿ ಹೇಳಿದರು. ನನಗೆ ಆಗ ಎದೆ ಹಗುರವಾಯಿತು. ಹಾಗೆ ಹಗುರವಾದದ್ದಕ್ಕೇ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈ ಸಲದ ಪಂಚಮಿಗೆ ತಮ್ಮ ಅದೇ ಕಾರಿನಲ್ಲಿ ಕರೆಯಲು ಬಂದ. ಉಂಡು, ಎಲೆ ಅಡಿಕೆ ಹಾಕಿಕೊಂಡು, ದೊಡ್ಡ ಮನಸ್ಸು ಮಾಡಿದವನಂತೆ ಅಂದ: "ಹೋದ ವರ್ಷದ್ದು ನಾ ಮರತಬಿಟ್ಟೀನ್ರಿ ಮಾಮಾ. ತಪ್ಪು ಯಾರ ಕೈಲೆ ಆಗಂಗಿಲ್ಲ? ನೀವೂ ನಡೀರಿ."

ನಾನು ನಮ್ಮವರ ಮುಖ ನೋಡಿದೆ. ಒಂದು ಮಾತು ಆಡಲಿ, ಬೈದೇ ಬಿಡಲಿ ಎಂದು ಕಾದೆ.

"ಆತು ತಮ್ಮಾ. ನಿಮ್ಮಕ್ಕನ್ನ ಕರಕೊಂಡು ಹೋಗು. ನನಗ ಹೊಲದಾಗ ಕೆಲಸ ಐತಿ" ಅಂದರು.

ಹೊರಗೆ ಮೂರು ದಿನದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಎರೆ ಹೊಲದಲ್ಲಿ ಯಾರೂ ಕಾಲಿಡುವಂತಿರಲಿಲ್ಲ.