ಎಕೋ ಮೊದಲೋ, ಕಿರುಚುವ ಡಬ್ಬಿ ಮೊದಲೋ

ನಾಲ್ಕು ವರ್ಷ ನಾನು ಒಂದೇ ವಿಷಯಕ್ಕೆ ಒಬ್ಬರೇ ಮನುಷ್ಯರ ಜೊತೆ ಜಗಳಾಡಿದ್ದೇನೆ. ಎಕೋ ಮಷೀನಿನ ವೈರನ್ನು ಎಲ್ಲಿಗೆ ಹಚ್ಚಬೇಕು ಎಂಬುದೇ ಆ ವಿಷಯ. ಈಗ ಹೇಳಿದರೆ ಮನೆಯಲ್ಲಿ ನಗುತ್ತಾರೆ. ಆಗ ನನಗೆ ನಿಜವಾಗಿ ತಲೆ ಕೆಟ್ಟುಹೋಗುತ್ತಿತ್ತು.

ತೊಂಬತ್ತರ ದಶಕದ ಮಾತು. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಲಗ್ನದ ಹಂಗಾಮು ಬಂತೆಂದರೆ ರಜೆ ಹಾಕಿ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಮೈಕು, ಆಂಪ್ಲಿಫೈಯರು, ಸ್ಪೀಕರು ಎಲ್ಲ ಮೋಮಿನಪುರದ ಒಬ್ಬ ಹಿರಿಯರದ್ದು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನನ್ನದೆಂದು ಇದ್ದದ್ದು ಗಿಟಾರು, ಮತ್ತೆ ಹೈದರಾಬಾದಿನಿಂದ ತಂದ ಒಂದು ಕಬ್ಬಿಣದ ಡಬ್ಬಿ. ಅದನ್ನು ಕಾಲಿನಿಂದ ಒತ್ತಿದರೆ ಗಿಟಾರಿನ ಮೆತ್ತನೆಯ ದನಿ ಒರಟಾಗಿ ಕಿರುಚುತ್ತಿತ್ತು. ಎಕೋ ಮಷೀನ್ ಚಾಚಾ ಅವರದು. ಒಂದು ಸಲ ಅಂದದ್ದನ್ನು ನಾಲ್ಕು ಸಲ ಅನ್ನುವ ಯಂತ್ರ.

ಗಿಟಾರಿನ ದನಿ ಮೊದಲು ಡಬ್ಬಿಯಲ್ಲಿ ಕಿರುಚಿ, ಆಮೇಲೆ ಎಕೋಗೆ ಹೋಗಬೇಕು. ಆಗ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಮರುಕಳಿಸುತ್ತದೆ. ಚಾಚಾ ಮಾಡುತ್ತಿದ್ದದ್ದು ಉಲ್ಟಾ. ಮೊದಲು ಎಕೋ, ಆಮೇಲೆ ಡಬ್ಬಿ. ನಾಲ್ಕು ಪಟ್ಟಾದ ದನಿಯೆಲ್ಲ ಒಟ್ಟಿಗೆ ಕಿರುಚಿ, ಹಿಟ್ಟಿನ ಗಿರಣಿಯೊಳಗಿಂದ ಗಿಟಾರ್ ನುಡಿಸಿದ ಹಾಗೆ ಕೇಳುತ್ತಿತ್ತು. ಕೇಳಿದರೆ ಅವರದು ಒಂದೇ ಜವಾಬು.

"ಆ ಡಬ್ಬಿ ಭಾಳ ಒದರ್ತದ ಭಾಯ್. ಅದರ ಜೋರು ನನ್ನ ಮಷೀನಿನಾಗ ಬಿಟ್ರ ಸುಟ್ಟ ಹೋಗ್ತದ."

ನನ್ನ ಹತ್ತಿರ ಒಂದು ವಿದೇಶಿ ಪತ್ರಿಕೆಯ ಪುಟದ ಜೆರಾಕ್ಸ್ ಇತ್ತು. ಅದರಲ್ಲಿ ಆಂಪ್ಲಿಫೈಯರಿನ ಹಿಂದೆ ಎರಡು ತೂತು ತೋರಿಸಿ, ಎಕೋವನ್ನು ಅವುಗಳ ನಡುವೆ ಹಚ್ಚಬೇಕೆಂದು ಬರೆದಿತ್ತು. ಚಾಚಾ ಅವರ ಆಂಪ್ಲಿಫೈಯರಿನ ಹಿಂದೆಯೂ ಅಂಥ ಎರಡು ತೂತು ಇದ್ದವು. ಅವನ್ನು ಒಂದು ಬಗ್ಗಿಸಿದ ಕ್ಲಿಪ್ಪಿನಿಂದ ಕೂಡಿಸಿ, ಮೇಲೆ ಕರಿ ಟೇಪ್ ಅಂಟಿಸಿದ್ದರು. ಆ ಪುಟವನ್ನು ಎಷ್ಟು ಸಲ ಅವರ ಮೂಗಿನ ಮುಂದೆ ಹಿಡಿದಿದ್ದೇನೋ ಲೆಕ್ಕವಿಲ್ಲ. "ಅಲ್ಲಿ ಕೈ ಹಚ್ಚಬ್ಯಾಡ್ರಿ. ಅದು ಎಲ್ಲಾರ ದಾರಿ ಅದ," ಎನ್ನುತ್ತಿದ್ದರು. ಇವರಿಗೇನು ತಿಳಿಯುತ್ತದೆ ಎಂದು ನಾನು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದೆ.

ಹೀಗಿರುವಾಗ ಆರ್ಕೆಸ್ಟ್ರಾದ ಯಜಮಾನರು, ನಾವೆಲ್ಲ ಮಾಸ್ತರ ಎನ್ನುತ್ತಿದ್ದವರು, ಒಂದು ಕೀಬೋರ್ಡ್ ತಂದು, ನುಡಿಸಲು ಒಬ್ಬ ಹುಡುಗನನ್ನೂ ಇಟ್ಟುಕೊಂಡರು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಗಿಟಾರಿನ ದನಿಯೂ ಬರುತ್ತಿತ್ತು. ಅವರು ನನ್ನನ್ನು ಕರೆದು ನೇರವಾಗಿಯೇ ಹೇಳಿದರು.

"ಕಮಲಾಪುರದ ಲಗ್ನದಾಗ ನೀವಿಬ್ಬರೂ ಗಿಟಾರಿನ ತುಣಕು ಕೂಡೇ ನುಡಸ್ರಿ. ನಾ ಮುಂದ ಕುಂತು ಕೇಳ್ತೀನಿ. ಯಾವುದು ಎದ್ದ ಕೇಳಸ್ತದ, ಅದನ್ನ ಇಟ್ಕೊಳ್ತೀನಿ."

ಕಚೇರಿಯಲ್ಲಿ ನಾನು ಬಂದರೂ ಹೋದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಡಿನ ನಡುವಿನ ಆ ಒಂದು ನಿಮಿಷ ಮಾತ್ರ ಊಟಕ್ಕೆ ಕೂತವರೂ ತಿರುಗಿ ನೋಡುತ್ತಿದ್ದರು. ಅದೂ ಹೋದರೆ ನನಗೇನು ಉಳಿಯುತ್ತದೆ ಎಂದು ಬಹಳ ಹೆದರಿದೆ.

ಆ ದಿನ ಬೆಳಿಗ್ಗೆ ಟೆಂಪೊ ಮಹಾಗಾಂವ ದಾಟುವಾಗಲೇ ನಿರ್ಧಾರ ಮಾಡಿದ್ದೆ. ಕಮಲಾಪುರ ಮುಟ್ಟಿ, ಚಾಚಾ ರಸ್ತೆ ಕಡೆ ಭೋಂಗಾ ಸ್ಪೀಕರ್ ಕಟ್ಟಲು ಹೋದದ್ದೇ ತಡ, ಕರಿ ಟೇಪ್ ಕಿತ್ತೆ. ಕ್ಲಿಪ್ ತೆಗೆದು ಎರಡೂ ತೂತಿನ ನಡುವೆ ಎಕೋ ಹಚ್ಚಿ, ಗಿಟಾರ್ ಒಂದು ಸಲ ಮೀಟಿದೆ. ಆಹಾ! ಇಷ್ಟಕ್ಕಾಗಿ ನಾಲ್ಕು ವರ್ಷ ನನ್ನ ಪ್ರಾಣ ತಿಂದರಲ್ಲ ಎನ್ನಿಸಿತು. ಹಾಗೇ ಬಿಟ್ಟು ಉಪ್ಪಿಟ್ಟು ತಿನ್ನಲು ಹೋದೆ.

ಮರಾಠಿ, ಕನ್ನಡ ಎರಡೂ ಆಡುವ ವೈಷ್ಣವರ ಮನೆಯ ಲಗ್ನ ಅದು. ವಧೂವರರ ನಡುವೆ ಅಂತಃಪಟ ಹಿಡಿದು ಮಂಗಲಾಷ್ಟಕ ಶುರುವಾಯಿತು. ಒಂದೊಂದು ಶ್ಲೋಕದ ಕೊನೆಗೆ ಭಟ್ಟರು "ಸಾವಧಾನ" ಎಂದಾಗ ಜನ ಅಕ್ಷತೆ ಹಾಕಬೇಕು. ಭಟ್ಟರು ಒಂದು ಸಲ ಅಂದರು, ಸ್ಪೀಕರ್ ನಾಲ್ಕು ಸಲ ಅಂದಿತು. ಜನ ನಾಲ್ಕೂ ಸಲ ಹಾಕಿದರು. ಎರಡನೆಯ ಶ್ಲೋಕಕ್ಕೇ ಎಲ್ಲರ ಕೈ ಖಾಲಿ. ಮುಗಿಯಿತೆಂದು ಬ್ಯಾಂಡಿನವರು ಶುರು ಮಾಡಿಬಿಟ್ಟರು. ಅಂತಃಪಟ ಹಿಡಿದಿದ್ದ ಇಬ್ಬರಲ್ಲಿ ಒಬ್ಬರು ಕೈ ಬಿಟ್ಟರು, ಇನ್ನೊಬ್ಬರು ಬಿಡಲಿಲ್ಲ. "ಯಾರಪ್ಪಾ ಅದು, ನನ್ನ ಹಿಂದ ಒದರಾಕತ್ತಿದ್ದು?" ಎಂದು ಭಟ್ಟರು ರೇಗಿದರು. ಅದೂ ನಾಲ್ಕು ಸಲ ಕೇಳಿಸಿತು.

ಚಾಚಾ ಓಡಿ ಬಂದು ವೈರ್ ಕಿತ್ತು, ಕ್ಲಿಪ್ ತುರುಕಿ, ನನ್ನನ್ನು ಪೆಂಡಾಲಿನ ಹಿಂದೆ ಕರೆದೊಯ್ದರು.

"ಎಲ್ಲಾ ಮೈಕೂ ಒಳಗ ಕೂಡಿ ಆಮ್ಯಾಲ ಹಿಂದ ಹೋಗ್ತಾವ. ಎಲ್ಲಾರ ದಾರಿ ಅಂತ ಎಷ್ಟ ಸಲ ಹೇಳೀನಿ? ನಿಮ್ಮ ಕಾಗದದಾಗಿಂದು ಬರೇ ಗಿಟಾರಿನ ಆಂಪ್ಲಿಫೈಯರ್ ಅದ. ಅದರ ಕಿರುಚಾಟ ಅದರ ಒಳಗ. ನಿಮ್ಮ ಕಿರುಚಾಟ ಡಬ್ಬಿದಾಗ ಅದ. ಡಬ್ಬಿ ಆದ ಮ್ಯಾಲ ಎಕೋ ಹಚ್ಚಿದ್ರ ಸಾಕಿತ್ತು."

"ಸುಡ್ತದ ಅಂದವ್ರು ನೀವ ಅಲ್ಲೇನ್ರಿ ಚಾಚಾ?"

"ಜೋರು ಇದ್ರ ಸುಡ್ತದ. ಇಳಿಸಿ ಕೊಡ್ತೀನಿ ಅಂತ ನೀವ್ಯಾವಾಗ ಅಂದೀರಿ? ಬಂದಾಗೊಮ್ಮೆ ಹಿಂದಿನ ತೂತ, ಹಿಂದಿನ ತೂತ!"

ಡಬ್ಬಿಯ ಮೇಲೆ ದನಿ ಇಳಿಸುವ ಗುಂಡಿ ಇತ್ತು. ಕಣ್ಣೆದುರಿಗೇ ಇತ್ತು. ಅದನ್ನು ಮುಂದಿಟ್ಟುಕೊಂಡೇ ಇಬ್ಬರೂ ನಾಲ್ಕು ವರ್ಷ ಕೂಗಾಡಿದ್ದೆವು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ಊಟಕ್ಕೆ ಕೂತವನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಊಟವಾದ ಮೇಲೆ ಚಾಚಾ ಹೊಸದಾಗಿ ಜೋಡಿಸಿದರು. ಡಬ್ಬಿ ನನ್ನ ಕಾಲ ಹತ್ತಿರ, ಎಕೋ ಅವರ ಟೇಬಲ್ಲಿನ ಮೇಲೆ. ನಡುವೆ ಇನ್ನೊಂದು ಉದ್ದನೆಯ ವೈರ್ ಬೇಕಾಗಿತ್ತು. ಎಲ್ಲಿಂದಲೋ ಹಳದಿ ಟೇಪ್ ಸುತ್ತಿದ ವೈರ್ ತಂದು ಹಚ್ಚಿದರು. ಎಲ್ಲಿಯದೆಂದು ಕೇಳುವ ಮುಖ ನನಗೆ ಉಳಿದಿರಲಿಲ್ಲ.

ಹಾಡು ಶುರುವಾಗಿ ನಮ್ಮ ತುಣುಕು ಬಂತು. ನಾನು ನುಡಿಸಿದೆ, ಪಕ್ಕದಲ್ಲಿ ಕೀಬೋರ್ಡಿನವನೂ ನುಡಿಸಿದ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ ಬೀಗರವರೆಗೂ ಹೋಯಿತು. ಅವರು ತಲೆ ಎತ್ತಿ ನೋಡಿದರು. ಇಷ್ಟು ಚೆನ್ನಾಗಿ ನಾನು ಹಿಂದೆಂದೂ ನುಡಿಸಿರಲಿಲ್ಲ.

ಮಾಸ್ತರು ಎದ್ದು ಬಂದು ಕೀಬೋರ್ಡಿನವನ ಬೆನ್ನು ತಟ್ಟಿ, ನನ್ನ ಕಡೆ ತಿರುಗಿದರು.

"ಕೇಳಿದ್ರಿಲ್ಲೋ? ಕೀಬೋರ್ಡಿನಾಗ ಎಷ್ಟ ಸ್ವಚ್ಛ ಬಂತು! ಬ್ಯಾಸರ ಮಾಡ್ಕೊಬ್ಯಾಡ್ರಿ. ಮುಂದಿನ ಲಗ್ನಕ್ಕ ಗಿಟಾರ್ ಬ್ಯಾಡ."

ಚಾಚಾ ಟೇಬಲ್ಲು ಬಿಟ್ಟು ಎದ್ದು ಬಂದರು. ನನ್ನ ಕಾಲ ಹತ್ತಿರದ ಹಳದಿ ಟೇಪಿನ ವೈರನ್ನು ಎತ್ತಿ ಹಿಡಿದರು.

"ಮಾಸ್ತರ, ಕೀಬೋರ್ಡಿನ ವೈರ್ ಇದು. ಹಾಡು ಶುರು ಆಗೂಕಿಂತ ಮೊದಲ ಕಿತ್ತು ಗಿಟಾರಿಗೆ ಹಚ್ಚೀನಿ. ನೀವು ಕೇಳಿದ್ದು ಬರೇ ಗಿಟಾರ್."

ಆ ಕೀಬೋರ್ಡಿಗೆ ಒಳಗೇ ಸಣ್ಣ ಸ್ಪೀಕರ್ ಇತ್ತು. ವೈರ್ ಕಿತ್ತರೆ ದನಿ ಅದರಲ್ಲೇ ಬರುತ್ತದೆ, ನುಡಿಸುವವನಿಗೆ ಮಾತ್ರ ಕೇಳುತ್ತದೆ. "ಅದಕ್ಕ ಇವತ್ತ ನನಗ ನಂದ ಅಷ್ಟ ಛಲೋ ಕೇಳಸ್ತು," ಎಂದ ಪಾಪ, ಕೀಬೋರ್ಡಿನವನು.

ಮಾಸ್ತರು ಗಂಟಲು ಸರಿಮಾಡಿಕೊಂಡರು. ವೈರ್ ನೋಡಿದರು, ನನ್ನನ್ನು ನೋಡಿದರು.

"ಆತು, ಗಿಟಾರ್ ಇರ್ಲಿ. ಆದ್ರ ಎಕೋ ಸ್ವಲ್ಪ ಜಾಸ್ತಿ ಆತು."

ಚಾಚಾ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತು ಆಡಿದೆವು.

"ಆಗಿಲ್ರೀ!"